ಮೂರನೇ ಮೊಳೆ ಎಲ್ಲಿ?

ತುಟಿಗಳ ನಡುವೆ ಮೂರು ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೆ. ನಮ್ಮ ಮದುವೆಯ ಫೋಟೋ ತಗುಲಿಹಾಕಬೇಕಿತ್ತು. ಆದರೆ ಎಂಬತ್ತರ ದಶಕದ ವಿಜಯನಗರದ ಆ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದೆಂದು ಓನರಮ್ಮನ ಕಟ್ಟಪ್ಪಣೆ. ಹಾಗಾಗಿ ಪಕ್ಕದಲ್ಲೇ ಇದ್ದ ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಆ ಸದ್ದಿನಲ್ಲಿ, ಗೋಡೆಗಿಟ್ಟ ಇನ್ನೊಂದು ಮೊಳೆಗೆ ಎರಡೇಟು ಹಾಕುತ್ತಿದ್ದೆ.

ಒಮ್ಮೆ ಕೂಗು ನಿಂತ ಮೇಲೂ ಒಂದೇಟು ಬಿದ್ದೇಬಿಟ್ಟಿತು; ಗೋಡೆಯ ಮೊಳೆ ಸೊಟ್ಟಗಾಯಿತು.

"ಏನಮ್ಮಾ, ಗೋಡೆ ಕುಟ್ತಾ ಇದೀಯಾ?" ಬಾಗಿಲಲ್ಲೇ ಓನರಮ್ಮ!

ಹೌಹಾರಿ ಉಸಿರು ಒಳಗೆಳೆದುಕೊಂಡೆ. ತಕ್ಷಣ ಉಗುಳಿದರೆ ಅಂಗೈಗೆ ಬಿದ್ದದ್ದು ಎರಡೇ ಮೊಳೆ. ಗಂಟಲಲ್ಲಿ ಏನೋ ಚುಚ್ಚಿದ ಹಾಗಾಯಿತು. ಎಂಜಲು ನುಂಗಲೂ ಭಯ.

"ಒಂದು ಮೊಳೆ ನುಂಗಿಬಿಟ್ಟೆ ಅನ್ಸುತ್ತೆ" ಎಂದು ಅತ್ತುಬಿಟ್ಟೆ.

ಬೈಯಲು ಬಂದವರ ಮುಖ ಬಿಳುಚಿಕೊಂಡಿತು. ನನ್ನನ್ನು ಮೆಲ್ಲಗೆ ಕೆಳಗಿಳಿಸಿ, ಮಂಡಿಯೂರಿ ನೆಲವೆಲ್ಲ ತಡಕಾಡಿದರು. ಸಿಗಲಿಲ್ಲ. ಕೊನೆಗೆ ನನ್ನ ಸೀರೆಯ ನೆರಿಗೆ ಕೊಡವಿದಾಗ ಟಣ್ಣೆಂದು ಬಿತ್ತು. ಇಬ್ಬರೂ ಅಲ್ಲೇ ಕುಸಿದು ಕೂತೆವು.

ಆಮೇಲೆ ಅವರೇ ಎದ್ದು ಹೋಗಿ ಬಟ್ಟೆ ಸೋಪಿನ ತುಂಡೊಂದು, ಬಾಚಣಿಗೆಯೊಂದು ತಂದರು. ಇನ್ನು ಬಾಯಿಗಿಡಬಾರದೆಂದು ಎರಡು ಮೊಳೆಗಳನ್ನು ಸೋಪಿಗೆ ಚುಚ್ಚಿಟ್ಟರು. ಮೂರನೆಯದನ್ನು ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿ, ಬೆರಳಿಗೆ ಏಟು ತಾಗದಂತೆ ದೂರದಿಂದ ಹಿಡಿದು, ತಾವೇ ಗೋಡೆಗೆ ಹೊಡೆದರು.

ಫೋಟೋ ಇಂದು ಬೇರೆ ಮನೆಯ ಗೋಡೆಯಲ್ಲಿದೆ. ಆದರೆ ಎಲ್ಲೇ ಕುಕ್ಕರ್ ಕೂಗಲಿ, ನನ್ನ ನಾಲಗೆ ಬಾಯೊಳಗೆಲ್ಲ ಆ ಮೂರನೇ ಮೊಳೆಯನ್ನು ಹುಡುಕುತ್ತದೆ.