ಪುಟದ ಬುಡದ ಎರಡಕ್ಷರ

ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದ ಎರಡನೆಯ ವರ್ಷ, ನಮ್ಮ ಹಿರಿಯ ಎಂಜಿನಿಯರು ತಮ್ಮ ದೇಶದ ಮೊದಲ ಅಧ್ಯಕ್ಷರ ಜೀವನಚರಿತ್ರೆ ಟೈಪ್ ಮಾಡಿಕೊಡಲು ಕೇಳಿದರು. ಅವರು ಎಸ್ಟೋನಿಯಾದವರು. ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿದ ಮೇಲೆ, ಇಪ್ಪತ್ತರ ವಯಸ್ಸಿನಲ್ಲಿ ದೋಣಿ ಹತ್ತಿ ಸ್ವೀಡನ್ ಸೇರಿದವರು. ಆ ಬೇಸಿಗೆಗೆ ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದು ಕುವೈತ್ ಬಿಡಬೇಕಿತ್ತು. ಅಷ್ಟರಲ್ಲಿ ಪುಸ್ತಕ ಮುಗಿಸಿ ಮಗಳ ಕೈಗಿಡಬೇಕು ಎಂಬುದೊಂದೇ ಹಂಬಲ.

ಮಧ್ಯಾಹ್ನ ಅಂಗಡಿಗಳು ಬಾಗಿಲೆಳೆದ ಹೊತ್ತಿಗೆ ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ರೈತನ ಮಗ ವಕೀಲನಾದದ್ದು, ಪತ್ರಿಕೆ ನಡೆಸಿದ್ದು, ಮರಣದಂಡನೆಗೆ ಸಿಗದೆ ದೇಶಾಂತರ ಹೋದದ್ದು, ಮರಳಿ ಬಂದು ಹೊಸ ದೇಶದ ಮೊದಲ ಸರ್ಕಾರ ನಡೆಸಿದ್ದು. ಮುಂದೆ ಅದೇ ಮನುಷ್ಯ ವಿರೋಧಿಗಳ ಬಾಯಿ ಕಟ್ಟಿ ಅಧಿಕಾರವನ್ನೆಲ್ಲ ತಾನೇ ಹಿಡಿದದ್ದನ್ನೂ ಅವರು ಬಿಡಲಿಲ್ಲ.

"ಎಂತ ಮಾರಾಯ್ತಿ, ನಿನ್ನ ಅಧ್ಯಕ್ಷ ಇನ್ನೂ ಸಾಯ್ಲಿಲ್ವಾ?" ಮಂಗಳೂರು ಕಡೆಯ ಅಕೌಂಟೆಂಟ್ ಕೆಣಕುತ್ತಿದ್ದರು.

"ನಾಳೆ ಸೈನ್ಯ ಬರುತ್ತೆ ಸರ್."

ಸೋವಿಯತ್ ಸೈನ್ಯ ಬಂತು. ಅವರು ಮುಂದಿಟ್ಟ ಆದೇಶಗಳಿಗೆಲ್ಲ ಅಧ್ಯಕ್ಷರು ಸಹಿ ಹಾಕಿದರು. ಆ ಪುಟವನ್ನು ಕೊಟ್ಟಾಗ ಎಂಜಿನಿಯರು ಬುಡವನ್ನೇ ನೋಡುತ್ತ ಕೂತರು. ಕಚೇರಿಯ ಪತ್ರಗಳ ಎಡಮೂಲೆಯಲ್ಲಿ ಟೈಪ್ ಮಾಡಿದವರ ಹೆಸರಿನ ಮೊದಲಕ್ಷರ ಹಾಕುವುದು ರೂಢಿ. ಕೈ ತಾನಾಗಿ ನನ್ನ ಎರಡಕ್ಷರ ಹಾಕಿಬಿಟ್ಟಿತ್ತು.

"ಆ ಆದೇಶಗಳ ಕೆಳಗೂ ಹೀಗೇ ಇದ್ದವು. ನನ್ನ ಅಪ್ಪನ ಅಕ್ಷರ. ಅಧ್ಯಕ್ಷರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸೋವಿಯತ್ತಿನವರು ಮೊದಲು ಅಧ್ಯಕ್ಷರನ್ನು ಒಯ್ದರು, ಆಮೇಲೆ ಅಪ್ಪನನ್ನೂ."

"ಸಾರಿ ಸರ್, ಬೇರೆ ಟೈಪ್ ಮಾಡ್ತೀನಿ."

"ಬೇಡ, ಇರಲಿ. ಅಧ್ಯಕ್ಷರು ಹೆದರಿ ಸಹಿ ಹಾಕಿದರೋ, ಜನ ಸಾಯಬಾರದೆಂದೋ? ಸಹಿಯ ಹೊತ್ತಿಗೆ ಅಪ್ಪ ಎದುರಿಗೇ ನಿಂತಿದ್ದರು. ನಾನು ಅಪ್ಪನನ್ನು ಕೇಳಲೇ ಇಲ್ಲ."

ಆ ಉತ್ತರಕ್ಕೆಂದು ಅರ್ಧ ಪುಟ ಖಾಲಿ ಉಳಿಸಿದರು. ಅಧ್ಯಕ್ಷರು ರಷ್ಯಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸೆರೆಯಲ್ಲೇ ತೀರಿಕೊಂಡ ಕಥೆಯನ್ನು ಮರುದಿನ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಖಾಲಿ ಜಾಗಕ್ಕೆ ದಿನಾ ಬಂದು ಕೂರುತ್ತಿದ್ದರು. ಒಂದು ಸಾಲೂ ಹೇಳಲಿಲ್ಲ. ಇಕಾಮಾ ಮುಗಿಯಲು ಮೂರು ವಾರವಿರುವಾಗ ಎದೆನೋವು ಬಂದು ತೀರಿಹೋದರು.

"ಖಲಾಸ್," ಎಂದರು ಅಕೌಂಟೆಂಟ್, ಮೆಲ್ಲಗೆ. "ಕಾಗದ ಎಲ್ಲ ಕಟ್ಟಿಡು ಮಾರಾಯ್ತಿ. ಮಗಳು ಬಂದಿದ್ದಾಳೆ."

ಆಕೆ ನಿಂತೇ ಪುಟಗಳನ್ನು ತಿರುವಿದಳು. ಖಾಲಿ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ಏನು ಬರೆಯಬೇಕೆಂದಿದ್ದರು? ನೀವು ಎದುರಿಗೇ ಇದ್ದಿರಲ್ಲ."

ನಾನು ಅವಳಿಗೆ ಕುರ್ಚಿ ಎಳೆದುಕೊಟ್ಟು, ಅವರು ತಮ್ಮ ಅಪ್ಪನನ್ನು ಕೇಳದೇ ಉಳಿದ ಪ್ರಶ್ನೆಯಿಂದ ಹೇಳತೊಡಗಿದೆ.