ಕವಳೆ ಬೇಲಿಯ ಪುಟ್ಟಬಸಮ್ಮ

ಮೂಗೂರಿನಿಂದ ಹುಲ್ಲಹಳ್ಳಿಗೆ ಸೊಸೆಯಾಗಿ ಬಂದ ಪುಟ್ಟಬಸಮ್ಮ ಗಂಡ ಹೋದ ಮೇಲೂ ಎರಡೆಕರೆ ಹೊಲವನ್ನು ಬೀಳು ಬಿಟ್ಟವಳಲ್ಲ. ಹೊಲದ ಸುತ್ತ ಕವಳೆ ಮುಳ್ಳಿನ ಬೇಲಿ. ಮುಂಗಾರು ಹಿಡಿದರೆ ಅದರ ತುಂಬ ಕಪ್ಪು ಹಣ್ಣು. ಕುರಿಯವರು, ಹಕ್ಕಿಗಳು ಬಿಟ್ಟರೆ ಯಾರೂ ಮೂಸಿ ನೋಡುತ್ತಿರಲಿಲ್ಲ.

ಕಾಡುಹಣ್ಣುಗಳನ್ನು ಹುಡುಕಿಕೊಂಡು ಊರಿಗೆ ಬಂದ ಮೈಸೂರಿನ ಸಂಶೋಧಕಿ ಸಂಘಮಿತ್ರಾ ಈ ಹಣ್ಣು ಒಯ್ದು ಪರೀಕ್ಷೆ ಮಾಡಿಸಿದಳು. "ಅಮ್ಮಾ, ಇದ್ರಲ್ಲಿ ಕಬ್ಬಿಣದಂಶ ಇದೆ, ಸಿ ವಿಟಮಿನ್ ಇದೆ. ಈ ಕಪ್ಪು ಬಣ್ಣದಲ್ಲೇ ಆಂಟಿಆಕ್ಸಿಡೆಂಟ್ ಇರೋದು, ಮೈಯೊಳಗಿನ ಜೀವಕೋಶ ಕೆಡದ ಹಾಗೆ ಕಾಯುತ್ತೆ," ಅಂದಳು. ರಕ್ತ ಕಮ್ಮಿಯಾಗಿ ಸೋತು ಕೂರುತ್ತಿದ್ದ ಸೊಸೆ ರಮ್ಯಳಿಗೆ ಪುಟ್ಟಬಸಮ್ಮ ಡಾಕ್ಟರ ಮಾತ್ರೆಯ ಜೊತೆ ದಿನವೂ ಒಂದು ಬೊಗಸೆ ಹಣ್ಣು ಕೊಡತೊಡಗಿದಳು. ಉಳಿದದ್ದನ್ನು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮಾರಿದಳು.

ಬೇಲಿಯಾಚೆಯ ಹೊಲ ಭಾವನ ಮಗ ಮಲ್ಲಿಕಾರ್ಜುನನದು. ಕಬ್ಬಿನ ಲಾರಿಗೆ ದಾರಿ ಬೇಕೆಂದು ಒಂದು ಬೆಳಗ್ಗೆ ಹೇಳದೆ ಕೇಳದೆ ಜೆಸಿಬಿ ತಂದ. ಅವಳು ಓಡಿ ಬರುವಷ್ಟರಲ್ಲಿ ಹತ್ತು ಮಾರು ಬೇಲಿ ಬೇರುಸಮೇತ ಮಗುಚಿತ್ತು.

"ನಿಲ್ಸ್ಲಾ ಮಲ್ಲಿ! ನಿಮ್ ತಾತ ಆಕಿದ್ ಬೇಲಿ ಕಣ್ಲಾ ಇದು!"

"ಮುಳ್ಕಂಟಿಗೆ ಇಷ್ಟು ಕುಣೀತೀಯಲ್ಲ ಚಿಕ್ಕವ್ವ. ಓಗಾಚೆ!"

ಅವಳು ಯಂತ್ರದ ಮುಂದೆಯೇ ಕೂತುಬಿಟ್ಟಳು. ಅವನು ತುರುಬು ಹಿಡಿದು ಎಳೆದ. ಅವಳು ಕೈ ಕಚ್ಚಿದಳು. ಅವನು ಗುದ್ದಲಿ ಕಾವಿನಿಂದ ಬಡಿದ. ಅಡ್ಡ ಹಿಡಿದ ಎಡಗೈ ಲಟಕ್ಕನೆ ಮುರಿಯಿತು. ಎರಡನೆಯ ಏಟು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಕಾವೆತ್ತಿದಾಗ ಅವಳು ಹಸುವಿನಂತೆ ತಲೆ ತಗ್ಗಿಸಿ ಅವನ ಪಕ್ಕೆಗೆ ಗುಮ್ಮಿದಳು. ಮಲ್ಲಿಕಾರ್ಜುನ ಆಯತಪ್ಪಿ, ಇನ್ನೂ ಉಳಿದು ನಿಂತಿದ್ದ ಬೇಲಿಯೊಳಕ್ಕೆ ಮಕಾಡೆ ಬಿದ್ದ. ಕವಲೊಡೆದ ಮುಳ್ಳು ಬಲಗಣ್ಣಿಗೆ ಇಳಿಯಿತು.

ಅವನ ಅರಚಾಟಕ್ಕೆ ಜೆಸಿಬಿಯವನು ಇಳಿದು ಓಡಿಬಂದ. ಅವನೂ ಪುಟ್ಟಬಸಮ್ಮನೂ ಸೇರಿ ಮಲ್ಲಿಕಾರ್ಜುನನನ್ನು ಹೊರಗೆಳೆದರು. ಅವಳು ಒಂದೇ ಕೈಯಲ್ಲಿ ಸೆರಗು ಹರಿದು ಕಣ್ಣಿಗೆ ಒತ್ತಿಕೊಳ್ಳಲು ಕೊಟ್ಟಳು. "ಉಜ್ಬ್ಯಾಡ ಕಣಪ್ಪಾ, ಉಜ್ಬ್ಯಾಡ," ಎನ್ನುತ್ತಿದ್ದಳು. ಹೊಡೆದವನೂ ಹೊಡೆಸಿಕೊಂಡವಳೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದರು.

ಪೊಲೀಸರಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. "ಅವ್ನು ಒಡ್ದ ಸಾ, ನಾನು ಗುಮ್ದೆ. ಕಣ್ಣೋಗ್ಲಿ ಅಂತ ಗುಮ್ಲಿಲ್ಲ."

ಕಣ್ಣು ಉಳಿಯಲಿಲ್ಲ. ಅವಳ ಕೈ ಸೊಟ್ಟಗೆ ಕೂಡಿಕೊಂಡಿತು. ಸರ್ವೆಯವರು ಅಳೆದಾಗ ಬೇಲಿ ಅವಳ ಹದ್ದಿನೊಳಗೇ ಇತ್ತು. ಲಾರಿ ದಾರಿ ನಾಲೆ ಏರಿಯ ಮೇಲೆ ಹೋಯಿತು. ಇಬ್ಬರ ಮೇಲೂ ಕೇಸು ನಡೆಯುತ್ತಿದೆ, ಒಬ್ಬರಿಗೊಬ್ಬರು ಮಾತಿಲ್ಲ. ಉಳಿದ ಬೇಲಿಯಲ್ಲಿ ಈಗ ಅತ್ತೆ ಸೊಸೆ ಸೇರಿ ಹಣ್ಣು ಬಿಡಿಸುತ್ತಾರೆ. ಮುರಿದ ಕೈಯ ಬಗ್ಗೆ ಕೇಳಿದರೆ ಪುಟ್ಟಬಸಮ್ಮ ನಕ್ಕು ಮುಂದಿನ ಕೊಂಬೆಗೆ ಕೈಚಾಚುತ್ತಾಳೆ. ಮಲ್ಲಿಕಾರ್ಜುನ ಎದುರಾಗಿ ಅವನ ಹೋದ ಕಣ್ಣು ಕಂಡ ದಿನ ಮಾತ್ರ ಅವಳಿಗೆ ಅನ್ನ ಸೇರುವುದಿಲ್ಲ.