ಸಮುದ್ರಕ್ಕೆ ಬೆನ್ನು ಹಾಕಿದ ಕೇಕು

ದಿನಾ ಕೇಕು ಮಾಡುತ್ತಿದ್ದ ನಮ್ಮ ಶೀನಣ್ಣ ಒಂದು ಚೂರು ಕೇಕನ್ನೂ ಬಾಯಿಗೆ ಹಾಕಿದವರಲ್ಲ. ಕುಂದಾಪುರದ ಕಡೆಯವರು, ಮೊಟ್ಟೆ ತಿನ್ನುವ ಮನೆತನವಲ್ಲ. ಹೋಟೆಲ್ ಕೆಲಸ ಹುಡುಕಿ ಮದರಾಸಿಗೆ ಬಂದು, ಹೇಗೋ ಬೇಕರಿ ಸೇರಿದವರು. ರುಚಿ ನೋಡದೆ ಹದ ಹೇಗೆ ಗೊತ್ತಾಗುತ್ತದೆ ಎಂದರೆ ಮೂಗು ಮುಟ್ಟಿ ತೋರಿಸುತ್ತಿದ್ದರು. "ಇದು ಊಟ ಮಾಡ್ತದೆ ಮಾರಾಯ್ತಿ, ನಂಗೆ ಅಷ್ಟು ಸಾಕು."

ಮೂರನೇ ಕ್ಲಾಸು ಓದಿದ ನಾನು ಇದನ್ನು ಬರೆಯಲು ಕೂತದ್ದು ಸಂತೋಷ ತಡೆಯಲಾರದೆ. ಮೊನ್ನೆ ನನ್ನ ಮೊಮ್ಮಗಳು ಮೊದಲ ಸಲ ಒಂದು ಮದುವೆಗೆ ಕೇಕು ಮಾಡಿಕೊಟ್ಟಳು. ನೋಡಿದವರೆಲ್ಲ ಅವಳನ್ನು ಹೊಗಳಿದರು. ನನಗೆ ಮಾತ್ರ ಶೀನಣ್ಣನ ಕಾಲಿಗೆ ಬೀಳಬೇಕು ಅನ್ನಿಸಿತು.

ಐವತ್ತರ ದಶಕದಲ್ಲಿ ನಾವು ಮದರಾಸಿನ ಕಡಲಂಚಿನ ತಿರುವೊಟ್ಟಿಯೂರಿನಲ್ಲಿದ್ದೆವು. ಕಾರ್ಖಾನೆಯಲ್ಲಿ ಕೈ ನಜ್ಜಾಗಿ ನನ್ನ ಗಂಡ ಮನೆಯಲ್ಲಿ ಕೂತಾಗ, ಪಕ್ಕದ ಮನೆಯ ಶೀನಣ್ಣ ನನಗೆ ಕೇಕು ಕಲಿಸಿದರು. ಮೇಲೆ ಕೆಳಗೆ ಕೆಂಡ ಹಾಕಿ ಬೇಯಿಸುವುದು, ಸಕ್ಕರೆ ಕಣಕವನ್ನು ಚಪಾತಿಯಂತೆ ಲಟ್ಟಿಸಿ ಕೇಕಿಗೆ ಹೊದಿಸುವುದು. ಒಂದು ದಿನ ಹತ್ತಿರದ ಎಣ್ಣೂರಿನ ಟೀಚರಮ್ಮ ಮಗಳ ಮದುವೆಗೆ ಕೇಕು ಹೇಳಿದರು. ಅದು ಚೆನ್ನಾಗಿ ಬಂದರೆ ಇನ್ನು ನಾಲ್ಕು ಮನೆಯವರು ಕೇಳುತ್ತಾರೆ. ಕೆಟ್ಟರೆ ನನ್ನ ಒಲೆ ಆರಿದ ಹಾಗೆಯೇ.

ನಾನು ಅತಿಬುದ್ಧಿ ಮಾಡಿದೆ. ಒಳಗೆ ಹಸಿ ತೆಂಗಿನಕಾಯಿ, ಬೆಲ್ಲ, ಹಾಲು ಕಲಸಿ ತುಂಬಿದೆ. ಸಕ್ಕರೆ ಹೊದಿಸಿ, ಸಕ್ಕರೆಯಲ್ಲೇ ಮಾಡಿದ ನೀಲಿ ಹೂವಿಟ್ಟೆ. ಮಲ್ಲಿಗೆ, ವೀಳ್ಯದೆಲೆ ಬಾಡದ ಹಾಗೆ ಇಡುತ್ತೇವಲ್ಲ, ಹಾಗೆಯೇ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಕೊಡದ ಪಕ್ಕ ಇಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಸಕ್ಕರೆಯೆಲ್ಲ ಬೆವೆತಿದೆ, ಹೂವಿನ ನೀಲಿ ಬುಡದವರೆಗೆ ಇಳಿದಿದೆ. ಒಳಗಿನಿಂದ ಹುಳಿ ವಾಸನೆ.

ಶೀನಣ್ಣ ಬಗ್ಗಿ ಮೂಸಿದರು. "ಎಂಥ ಮಾರಾಯ್ತಿ, ಮದುಮಗಳಿಗಿಂತ ಮೊದ್ಲು ಕೇಕೇ ಅಳ್ತಾ ಉಂಟಲ್ಲ!"

ನಾನೂ ಅಳುತ್ತಿದ್ದೆ.

"ನೀನು ಸುಮ್ನಿರು. ಮದುವೆ ನಾಳೆ ಅಲ್ವಾ? ಇವತ್ತು ನಂಗೆ ಜ್ವರ ಅಂತ ಬೇಕರಿಗೆ ಹೇಳಿ ಕಳ್ಸು."

ಒಂದು ದಿನವೂ ರಜೆ ಹಾಕದ ಮನುಷ್ಯ, ನನಗೋಸ್ಕರ ಇಲ್ಲದ ಜ್ವರ ಬರಿಸಿಕೊಂಡರು! ಇಬ್ಬರೂ ಸೇರಿ ಹೊಸ ಕೇಕು ಬೇಯಿಸಿದೆವು. ಒಳಗೆ ತುಂಬಲು ಅನಾನಸು, ಸಕ್ಕರೆ ಒಲೆಗಿಟ್ಟೆವು.

"ಚಮಚ ಬೋರಲು ಮಾಡು. ಬಿತ್ತಾ? ಹಾಗಾದ್ರೆ ಇನ್ನೂ ಮಗುಚು. ಕಾಯಿ, ಹಾಲು, ಹಸಿ ಹಣ್ಣು, ನೀರು ಬಿಡುವಂಥದ್ದು ಯಾವ್ದೂ ಒಳಗೆ ಬೇಡ. ಸಕ್ರೆ ಹೊದ್ದ ಕೇಕಿಗೆ ತಂಡಿ, ತೇವ ಎರಡೂ ಆಗುದಿಲ್ಲ."

ಒಣ ಮರದ ಪೆಟ್ಟಿಗೆಗೆ ಕಾಗದ ಹಾಸಿ ಕೇಕು ಇಟ್ಟರು. ಕಡಲ ಒದ್ದೆ ಗಾಳಿ ತಾಗದಂತೆ ಆ ಕಡೆಯ ಕಿಟಕಿ ಮುಚ್ಚಿ, ಒಲೆಯಿಂದ ದೂರ, ಒಳಗೋಡೆಗೆ ಪೆಟ್ಟಿಗೆ ಒತ್ತಿದರು. "ಸಮುದ್ರಕ್ಕೆ ಬೆನ್ನು ಹಾಕಿ ಕೂತ್ಕೊಳ್ಳಲಿ."

ಮರುದಿನ ಕೇಕು ಬೆವರದೆ, ಬೆಳ್ಳಗೇ ಎಣ್ಣೂರು ಸೇರಿತು. ಆಮೇಲೆ ನನ್ನ ಒಲೆ ಆರಲೇ ಇಲ್ಲ.

ಅರವತ್ತರ ದಶಕದಲ್ಲಿ ಶೀನಣ್ಣ ಕೆಲಸ ಬಿಟ್ಟು ಊರಿಗೆ ಹೊರಟರು. ನಾನು ಹೊಸ ಪಾತ್ರೆಯಲ್ಲಿ, ಮೊಟ್ಟೆ ಸೋಕಿಸದೆ, ಮೊಸರಿನಲ್ಲಿ ಕಲಸಿ ಒಂದು ಕೇಕು ಮಾಡಿ, ಅನಾನಸು ತುಂಬಿ, ಸಕ್ಕರೆ ಹೊದಿಸಿ ಸೆಂಟ್ರಲ್ ಸ್ಟೇಷನ್ನಿಗೆ ಒಯ್ದೆ. ಶೀನಣ್ಣ ಮೊದಲು ಮೂಸಿದರು. ಆಮೇಲೆ ತಿಂದರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

"ಹೋ, ಹೀಗಿರ್ತದಾ ಇದು! ಸಕ್ರೆ ಹೆಚ್ಚಾಯ್ತಲ್ಲ ಮಾರಾಯ್ತಿ. ಇಷ್ಟು ವರ್ಷ ಯಾರೂ ನಂಗೆ ಹೇಳ್ಲೇ ಇಲ್ಲ!"

ನಾವು ನಗುತ್ತಿದ್ದಂತೆಯೇ ರೈಲು ಹೊರಟಿತು. ಮತ್ತೆ ಅವರನ್ನು ಕಾಣಲಿಲ್ಲ.

ಮೊನ್ನೆ ಚೆನ್ನೈನ ವೇಲಚೇರಿಯ ಮನೆಯಲ್ಲಿ ಮೊಮ್ಮಗಳು ಸಕ್ಕರೆ ಹೊದಿಸಿದ ಮದುವೆ ಕೇಕನ್ನು ಎತ್ತಿಕೊಂಡು ಫ್ರಿಜ್ಜಿನ ಬಾಗಿಲು ತೆಗೆದಳು. "ಬೇಡ ಪುಟ್ಟಿ, ಸಮುದ್ರಕ್ಕೆ ಬೆನ್ನು ಹಾಕಿ ಇಡು" ಎಂದೆ.

"ಪಾಟಿ, ಇಂಗೆ ಕಡಲ್ ಎಂಗೆ?" ಇಲ್ಲಿ ಕಡಲೆಲ್ಲಿದೆ ಅಜ್ಜಿ ಎಂದು ತಮಿಳಿನಲ್ಲೇ ನಕ್ಕಳು. ನಗುನಗುತ್ತಲೇ ಕೇಕನ್ನು ಪೆಟ್ಟಿಗೆಯೊಳಗಿಟ್ಟು, ಒಳಗೋಡೆಗೆ ಒತ್ತಿದಳು.